ಬೀಗದ ಕೈ

ನನ್ನ ಸೋದರಮಾವನ ಮನೆಯ ನಡುಮನೆಯಲ್ಲಿ, ದೇವರ ಪಟದ ಕೆಳಗಿನ ಮೊಳೆಯೊಂದರಲ್ಲಿ, ಎರಡು ವರ್ಷಗಳ ಕಾಲ ಒಂದು ಬೀಗದ ಕೈ ತೂಗುತ್ತಿದ್ದಿತು. ಹಿತ್ತಾಳೆಯ ಕೈ, ಅದಕ್ಕೊಂದು ಕೆಂಪು ದಾರ. ಅದು ಆ ಮನೆಯ ಯಾವ ಬಾಗಿಲಿಗೂ ಸೇರಿದುದಲ್ಲ. ಅದೇ ಊರಿನ ಶಾಲೆಯೊಂದರ ಹಿಂಬದಿಯ ಕೊಠಡಿಗೆ ಸೇರಿದುದು. ವಾರದಲ್ಲಿ ಎರಡು ಸಂಜೆ ಮಾವನವರು ಆರೂವರೆಗೆ ಅದನ್ನು ಮೊಳೆಯಿಂದ ತೆಗೆದು, ಕಣ್ಣಿಗೊತ್ತಿಕೊಂಡಂತೆ ಮಾಡಿ, ಜೇಬಿಗೆ ಹಾಕಿಕೊಂಡು ಹೊರಡುತ್ತಿದ್ದರು. ಒಂಬತ್ತಕ್ಕೆ ಹಿಂದಿರುಗಿ ಅದನ್ನು ಮತ್ತೆ ಅದೇ ಮೊಳೆಗೆ ತೂಗುಹಾಕುತ್ತಿದ್ದರು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಪೀಠಿಕೆ ಏಕೆ ಎಂದು ವಾಚಕರು ಕೇಳಬಹುದು. ಆ ಮನೆಯ ಬೀಗದ ಕೈಗಳ ಪೂರ್ವೋತ್ತರವನ್ನು ಬಲ್ಲವರು ಹಾಗೆ ಕೇಳಲಾರರು. ಮಾವನವರು ಕುಡಿಯುತ್ತಿದ್ದ ಹದಿನಾಲ್ಕು ವರ್ಷ ನಮ್ಮತ್ತೆ ಬೀರುವಿನ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗಿದರು. ಬೆಳ್ಳಿಯ ದೀಪಗಳು ಹೋದುವು. ಮಗಳ ಓಲೆ ಹೋಯಿತು. ಕೊನೆಗೆ ತಾಮ್ರದ ಹಂಡೆಯೂ ಹೋಯಿತು. ಅವರು ನಮ್ಮ ಮನೆಗೆ ಬಂದರೆ ನನ್ನ ತಾಯಿ ಮುಖವೆಲ್ಲ ನಗೆಮಾಡಿಕೊಂಡು ತಮ್ಮನಿಗೆ ಎಲೆ ಹಾಕುವಳು. ಅದಕ್ಕೆ ಮುಂಚೆ ಸದ್ದಿಲ್ಲದೆ ದೇವರ ಮನೆಯ ಅಗಳಿ ಹಾಕಿರುವಳು. ತಂದೆಯ ಕೈಗಡಿಯಾರವನ್ನು ಅಟ್ಟದ ಮೇಲೆ ಬಚ್ಚಿಡುವುದು ಹುಡುಗನಾದ ನನ್ನ ಕೆಲಸವಾಗಿದ್ದಿತು. ಲೆಕ್ಕಪತ್ರದಲ್ಲಿ ಒಂದು ಕಾಸು ತಪ್ಪದ ಗುಮಾಸ್ತೆ ಎಂದು ಕಚೇರಿಯಲ್ಲಿ ಹೆಸರು ಪಡೆದಿದ್ದವರ ಪಾಡು ಇದು. ಆಸ್ಪತ್ರೆಯಲ್ಲಿ ವೈದ್ಯರ ಆರೈಕೆಯಿಂದ ಕುಡಿತ ಬಿಟ್ಟು ಬಂದಮೇಲೆ, ಬಿಟ್ಟುದನ್ನು ಬಿಟ್ಟಂತೆಯೇ ಉಳಿಸಿಕೊಳ್ಳಲು ಅವರು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟಕ್ಕೆ ಹೋಗತೊಡಗಿದರು. ಎರಡನೆಯ ವರ್ಷ ಆ ಗುಂಪಿನವರು ಅವರನ್ನು ಕಾರ್ಯದರ್ಶಿಯಾಗಿ ಆರಿಸಿ, ಕೊಠಡಿಯ ಬೀಗದ ಕೈಯನ್ನು ಅವರಿಗೆ ಒಪ್ಪಿಸಿದರು. ಎಷ್ಟೋ ವರ್ಷಗಳ ಮೇಲೆ ಅವರ ಕೈಗೆ ಯಾರಾದರೂ ಒಪ್ಪಿಸಿದ ಮೊದಲನೆಯ ಬೀಗದ ಕೈ ಅದು.

ಮಾವನವರ ಹೆಸರನ್ನಾಗಲಿ ಊರನ್ನಾಗಲಿ ನಾನಿಲ್ಲಿ ಹೇಳುವುದಿಲ್ಲ. ನಾಚಿಕೆಯಿಂದಲ್ಲ, ಪತ್ರಿಕೆಯಲ್ಲಿ ಸದಸ್ಯರ ಹೆಸರು ಬರಕೂಡದೆಂಬುದು ಆ ಕೂಟದ ಸಂಪ್ರದಾಯ. ಈ ಸಂಗತಿಯನ್ನು ಬರೆಯಲು ಅವರ ಅಪ್ಪಣೆಯನ್ನು ಪಡೆದಿದ್ದೇನೆ.

ಎರಡು ವರ್ಷ ಕಳೆಯಿತು. ಒಂದು ಸಂಜೆ ಮಾವನವರು ಮೊಳೆಯಿಂದ ಬೀಗದ ಕೈಯನ್ನು ತೆಗೆದುಕೊಂಡು ಹೋದವರು ಬರಿಗೈಯಲ್ಲಿ ಹಿಂದಿರುಗಿದರು. ಅವಧಿ ಮುಗಿಯಿತೆಂದು ಗುಂಪಿನವರು ಮತ್ತೊಬ್ಬನನ್ನು ಆರಿಸಿದ್ದರು. ಅವನು ಕುಡಿತ ಬಿಟ್ಟು ಇನ್ನೂ ಒಂದು ವರ್ಷ ತುಂಬಿರದ ತರುಣ. ಬರಿದಾದ ಮೊಳೆಯನ್ನು ನೋಡಿ ನಮ್ಮತ್ತೆ ಆ ರಾತ್ರಿ ಕಣ್ಣು ಮುಚ್ಚಲಿಲ್ಲವಂತೆ. ಮರುದಿನ ಅವರು ನನಗೆ ದೂರವಾಣಿಯಲ್ಲಿ ಹೇಳಿದುದು ಒಂದೇ ಮಾತು: “ಆ ಕೈ ಇದ್ದಷ್ಟು ದಿನ ನನಗೆ ಧೈರ್ಯವಿತ್ತಪ್ಪ. ಈಗೊಂದು ಸಲ ಬಂದುಹೋಗು.”

ನಾನು ಹೋದೆ. ನಿಜ ಹೇಳಬೇಕೆಂದರೆ, ಸಿಟ್ಟು ತುಂಬಿಕೊಂಡೇ ಹೋದೆ.

“ಮಾವ, ಇದು ಯಾವ ನ್ಯಾಯ? ಎರಡು ವರ್ಷ ಒಂದು ದಿನವೂ ತಪ್ಪದೆ ದುಡಿದಿರಿ. ನಿಮ್ಮಿಂದ ಏನು ತಪ್ಪಾಯಿತೆಂದು ಕಿತ್ತುಕೊಂಡರು?” ಎಂದೆ.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪಾಗುವುದಕ್ಕೆ ಮುಂಚೆಯೇ ತೆಗೆದುಕೊಂಡರು ಕಣೋ” ಎಂದರು. ಆಮೇಲೆ, “ಮೊದಲನೆಯ ದಿನ ನನಗೂ ಹೊಟ್ಟೆ ಉರಿಯಿತು. ಬರುತ್ತಾ ದಾರಿಯಲ್ಲಿ ಹಳೆಯ ಅಂಗಡಿಯ ದೀಪ ಕಣ್ಣಿಗೆ ಬಿತ್ತು. ಇಷ್ಟು ದಿನ ಬೀಳದಿದ್ದ ದೀಪ ಅವೊತ್ತೇ ಯಾಕೆ ಬಿತ್ತು, ನೀನೇ ಯೋಚನೆ ಮಾಡು. ಕೊಠಡಿ ನನ್ನದು ಅಂತ ನನಗೇ ತಿಳಿಯದ ಹಾಗೆ ನಾನು ಅಂದುಕೊಂಡುಬಿಟ್ಟಿದ್ದೆ” ಎಂದರು.

ಅವರು ನನ್ನ ಕೈಗೆ ಒಂದೆರಡು ಪುಸ್ತಕಗಳನ್ನು ಕೊಟ್ಟರು. ಪಾಠ ಹೇಳುವವನಿಗೆ ಪುಸ್ತಕ ಸಿಕ್ಕಿದರೆ ಸಿಟ್ಟು ಅರ್ಧ ಇಳಿದಂತೆಯೇ. ಓದುತ್ತ ಹೋದಂತೆ, ಆ ಹಿತ್ತಾಳೆಯ ಕೈಯ ಹಿಂದೆ ಇಷ್ಟೊಂದು ಚರಿತ್ರೆ ಇದೆಯೆ ಎಂದು ಬೆರಗಾಯಿತು.

ಈ ಕೂಟ ಹುಟ್ಟಿದುದು ಅಮೆರಿಕದ ಒಹೈಯೊ ಪ್ರಾಂತದ ಆಕ್ರನ್ ಎಂಬ ಪಟ್ಟಣದಲ್ಲಿ, 1935ರಲ್ಲಿ. ಷೇರು ಪೇಟೆಯಲ್ಲಿ ಏರಿ ಕುಡಿತದಿಂದ ಕೆಳಗೆ ಬಿದ್ದಿದ್ದ ನ್ಯೂಯಾರ್ಕಿನ ಬಿಲ್ ವಿಲ್ಸನ್ ಒಬ್ಬ. ಶಸ್ತ್ರಚಿಕಿತ್ಸಕನಾಗಿದ್ದೂ ಕುಡಿತಕ್ಕೆ ಸಿಕ್ಕಿದ್ದ ಡಾಕ್ಟರ್ ಬಾಬ್ ಸ್ಮಿತ್ ಇನ್ನೊಬ್ಬ. ಒಬ್ಬ ಕುಡುಕನ ಸಂಕಟ ಇನ್ನೊಬ್ಬ ಕುಡುಕನಿಗೆ ಅರ್ಥವಾಗುವಂತೆ ಮತ್ತಾರಿಗೂ ಆಗದೆಂಬುದನ್ನು ಇಬ್ಬರೂ ಕಂಡುಕೊಂಡರು. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದ ದಿನವೆಂದು ಎಣಿಸಲಾದ 1935ರ ಜೂನ್ 10ನ್ನೇ ಕೂಟದ ಹುಟ್ಟಿದ ದಿನವೆಂದು ಆಚರಿಸುತ್ತಾರೆ. ಇಂದು ಸುಮಾರು 180 ದೇಶಗಳಲ್ಲಿ ಅದರ ಗುಂಪುಗಳಿವೆ. ಸದಸ್ಯರು 20 ಲಕ್ಷಕ್ಕೂ ಮೇಲ್ಪಟ್ಟಿದ್ದಾರೆಂದು ಕೂಟದ ಅಂದಾಜು. ಭಾರತಕ್ಕೆ ಅದು 1950ರ ದಶಕದಲ್ಲಿ ಬಂದಿತು. ಇಲ್ಲಿಯ ಸೇವಾ ಕಚೇರಿ ಮುಂಬಯಿಯಲ್ಲಿದೆ. ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ನಡೆಯುವ ಸಭೆಗಳೂ ಉಂಟು.

ಹನ್ನೆರಡು ಹೆಜ್ಜೆಗಳ ಮಾತನ್ನು ಅನೇಕರು ಕೇಳಿರಬಹುದು. ಅವು ಒಬ್ಬೊಬ್ಬ ಸದಸ್ಯ ತನ್ನನ್ನು ತಾನು ತಿದ್ದಿಕೊಳ್ಳುವ ಮಾರ್ಗ. ಅವುಗಳ ಜೊತೆಗೆ ಮತ್ತೆರಡು ಹನ್ನೆರಡುಗಳುಂಟು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಹನ್ನೆರಡು ಸಂಪ್ರದಾಯಗಳು ಗುಂಪು ಒಡೆಯದಂತೆ ಕಾಯತಕ್ಕವು. ಹನ್ನೆರಡು ಸೇವಾ ಸೂತ್ರಗಳು, ಗುಂಪುಗಳೆಲ್ಲ ಸೇರಿ ನಡೆಸುವ ಕಚೇರಿ, ಮಂಡಲಿ, ಸಮ್ಮೇಳನಗಳಲ್ಲಿ ಯಾರಿಗೆ ಯಾವ ಹೊಣೆ, ಯಾವ ಹಕ್ಕು ಎಂಬುದನ್ನು ಗೊತ್ತುಪಡಿಸತಕ್ಕವು. ಮನುಷ್ಯ ಕುಡಿತ ಬಿಟ್ಟರೆ ಸಾಲದು. ಕುಡಿತ ಬಿಟ್ಟ ನಾಲ್ವರು ಒಂದು ಕಡೆ ಕುಳಿತು ಜಗಳವಾಡದೆ ಬಾಳುವುದು ಅದಕ್ಕಿಂತ ಕಠಿನವೆಂದು ಅವರಿಗೆ ಬೇಗನೆ ಗೊತ್ತಾಯಿತು.

ಮೊದಲನೆಯ ಪಾಠವನ್ನು ಕಲಿತವನು ಬಿಲ್ ವಿಲ್ಸನ್ನನೇ. 1936ರಲ್ಲಿ ಆತನಿಗೆ ಕೆಲಸವಿರಲಿಲ್ಲ. ಹೆಂಡತಿ ಅಂಗಡಿಯಲ್ಲಿ ದುಡಿದು ತಂದುದರಿಂದ ಸಂಸಾರ ನಡೆಯಬೇಕಾಗಿತ್ತು. ಆಗ, ಆತ ಹಿಂದೆ ಚಿಕಿತ್ಸೆ ಪಡೆದಿದ್ದ ನ್ಯೂಯಾರ್ಕಿನ ಆಸ್ಪತ್ರೆಯ ಯಜಮಾನ ಚಾರ್ಲ್ಸ್ ಟೌನ್ಸ್ ಕರೆದು, ಕುಡುಕರಿಗೆ ಬುದ್ಧಿ ಹೇಳುವ ಕೆಲಸವನ್ನು ಸಂಬಳಕ್ಕೆ ಮಾಡು, ಲಾಭದಲ್ಲಿಯೂ ಪಾಲು ಕೊಡುತ್ತೇನೆ ಎಂದ. ಬಿಲ್ ಹಿಗ್ಗಿನಿಂದ ಮನೆಗೆ ಓಡಿದ. ಅಂದು ಆತನ ಮನೆಯಲ್ಲಿಯೇ ಗುಂಪಿನ ಸಭೆ. ಸಂಗತಿಯನ್ನು ಹೇಳಿದರೆ ಯಾರ ಮುಖವೂ ಅರಳಲಿಲ್ಲ. ಒಬ್ಬ ಎದ್ದು, ನಿಮ್ಮ ಕಷ್ಟ ನಮಗೆ ಗೊತ್ತು, ಆದರೆ ಸ್ನೇಹದಿಂದ ನಡೆಯುವ ಕೆಲಸ ಸಂಬಳದಿಂದ ನಡೆಯತೊಡಗಿದರೆ ನಮ್ಮನ್ನು ಕೂಡಿಸಿರುವ ಕಟ್ಟು ಬಿಚ್ಚಿಹೋಗುವುದು ಎಂಬರ್ಥದಲ್ಲಿ ಮಾತಾಡಿದ. ಇನ್ನಿಬ್ಬರು ಮೂವರು ಅದನ್ನೇ ಹೇಳಿದರು. ಸ್ಥಾಪಕನಾದವನು ತನ್ನ ಮನೆಯಲ್ಲಿಯೇ, ತಾನೇ ಕೈಹಿಡಿದು ಎತ್ತಿದವರ ಎದುರಿಗೆ ಸೋತ. ಸೋಲನ್ನು ಒಪ್ಪಿಕೊಂಡ. ಗುಂಪಿನ ಅಂತಃಸಾಕ್ಷಿಯ ಮೂಲಕ ವ್ಯಕ್ತವಾಗುವ ದೈವದ ಇಚ್ಛೆಯೇ ಕೊನೆಯ ಅಧಿಕಾರ, ಮುಂದೆ ನಿಂತವನಿಗೆ ಸೇವೆಯ ಹೊಣೆ ಮಾತ್ರ ಉಂಟು, ಆಳುವ ಹಕ್ಕಿಲ್ಲ ಎಂಬ ಎರಡನೆಯ ಸಂಪ್ರದಾಯಕ್ಕೆ ಈ ಪ್ರಸಂಗವನ್ನೇ ಅವರು ದೃಷ್ಟಾಂತವಾಗಿ ಹೇಳುತ್ತಾರೆ.

ಎರಡನೆಯ ಪಾಠ ಹಣದ್ದು. ಆಸ್ಪತ್ರೆಗಳನ್ನು ಕಟ್ಟಬೇಕು, ಸಂಬಳದ ಪ್ರಚಾರಕರನ್ನು ಕಳುಹಿಸಬೇಕು ಎಂಬ ದೊಡ್ಡ ಕನಸುಗಳನ್ನು ಕಟ್ಟಿಕೊಂಡು ಅವರು ಜಾನ್ ರಾಕ್‌ಫೆಲರ್ ಎಂಬ ಮಹಾಧನಿಕರ ಬಳಿಗೆ ಹೋದರು. ಅವರ ಆಪ್ತರೊಬ್ಬರು 50,000 ಡಾಲರು ಕೊಡಬಹುದೆಂದು ಶಿಫಾರಸು ಮಾಡಿದರು. ರಾಕ್‌ಫೆಲರ್ 1938ರಲ್ಲಿ ಕೊಟ್ಟುದು ಐದೇ ಸಾವಿರ. ಹೆಚ್ಚು ಹಣ ಈ ಕಾರ್ಯವನ್ನು ಕೆಡಿಸೀತು ಎಂಬುದು ಅವರ ಅಭಿಪ್ರಾಯ. ಆ ಹಣದ ದೊಡ್ಡ ಪಾಲು ಡಾಕ್ಟರ್ ಬಾಬ್ ಅವರ ಮನೆಯ ಅಡಮಾನವನ್ನು ತೀರಿಸಲು ಹೋಯಿತು. 1940ರಲ್ಲಿ ಅದೇ ಧನಿಕರು ನ್ಯೂಯಾರ್ಕಿನ ಸಿರಿವಂತರನ್ನೆಲ್ಲ ಕರೆದು ಕೂಟದ ಗೌರವಾರ್ಥ ಒಂದು ಔತಣವಿತ್ತರು. ಇಂದು ಹೊಳೆ ಹರಿಯುವುದೆಂದು ನಮ್ಮವರು ಕಾದಿದ್ದರು. ಊಟವಾದಮೇಲೆ ಅವರ ಮಗ ನೆಲ್ಸನ್ ಎದ್ದು, ಈ ಕಾರ್ಯದ ಬಲವಿರುವುದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡುವ ಉಪಕಾರದಲ್ಲಿ, ಇದಕ್ಕೆ ಹಣದ ಅಗತ್ಯ ಅಷ್ಟಾಗಿ ಇಲ್ಲ ಎಂಬ ಅಭಿಪ್ರಾಯವನ್ನು ಹೇಳಿಬಿಟ್ಟರು. ಸಿರಿವಂತರು ಚಪ್ಪಾಳೆ ತಟ್ಟಿ, ಕೈಕುಲುಕಿ, ಮನೆಗೆ ಹೋದರು!

ಅಂದು ನಿರಾಶೆಯಾದವರೇ ಮುಂದೆ ಅದನ್ನೊಂದು ವರವೆಂದು ತಿಳಿದರು. 1948ರಲ್ಲಿ ಸತ್ತ ಮಹಿಳೆಯೊಬ್ಬರ ಉಯಿಲಿನ ಪ್ರಕಾರ 10,000 ಡಾಲರು ತಾನಾಗಿಯೇ ಮನೆಬಾಗಿಲಿಗೆ ಬಂದಿತು. ಕಚೇರಿಯ ಬೊಕ್ಕಸ ಬರಿದಾಗಿದ್ದ ಕಾಲ ಅದು. ಧರ್ಮದರ್ಶಿಗಳು ಬಹಳ ಹೊತ್ತು ಚರ್ಚೆ ಮಾಡಿ, ಆ ಹಣವನ್ನು ಬೇಡವೆಂದರು. ಅಂದಿನಿಂದ ಹೊರಗಿನವರ ದಾನ ಅಲ್ಲಿ ನಿಷಿದ್ಧ. ಸಭೆಯ ಕೊನೆಯಲ್ಲಿ ಸದಸ್ಯರ ನಡುವೆ ಒಂದು ಚೀಲವೋ ಡಬ್ಬಿಯೋ ತಿರುಗುತ್ತದೆ; ಕೂಡಿದಷ್ಟರಲ್ಲಿ ಬಾಡಿಗೆ, ಕಾಫಿಪುಡಿ, ಪುಸ್ತಕ; ಮಿಕ್ಕುದರಲ್ಲಿ ಒಂದು ಪಾಲು ಮೇಲಿನ ಸೇವಾ ಸಮಿತಿಗಳಿಗೆ.

‘ಮೇಲಿನ’ ಎಂದು ಬರೆದುದು ತಪ್ಪು. ‘ಕೆಳಗಿನ’ ಎಂದು ತಿದ್ದಿಕೊಳ್ಳಬೇಕು. ನಮ್ಮ ಸಂಸ್ಥೆಗಳಲ್ಲಿ ಅಧ್ಯಕ್ಷರು ಶಿಖರದಲ್ಲಿ, ಸದಸ್ಯರು ಬುನಾದಿಯಲ್ಲಿ. ಈ ಕೂಟದವರು ಚಿತ್ರ ಬರೆಯುವಾಗ ಗೋಪುರವನ್ನು ತಲೆಕೆಳಗು ಮಾಡುತ್ತಾರೆ. ಎಲ್ಲಕ್ಕಿಂತ ಮೇಲೆ, ಅಗಲವಾಗಿ, ಸಾವಿರಾರು ಗುಂಪುಗಳು. ಪ್ರತಿಯೊಂದು ಗುಂಪೂ ತನ್ನ ವ್ಯವಹಾರದಲ್ಲಿ ಸ್ವತಂತ್ರ. ಗುಂಪು ಒಬ್ಬ ಸೇವಾ ಪ್ರತಿನಿಧಿಯನ್ನು ಆರಿಸಿ ಜಿಲ್ಲಾ ಸಭೆಗೆ ಕಳುಹಿಸುತ್ತದೆ. ಅಲ್ಲಿಂದ ಪ್ರದೇಶದ ಸಭೆ. ಪ್ರದೇಶದಿಂದ ವರ್ಷಕ್ಕೊಮ್ಮೆ ನೆರೆಯುವ ಸಾಮಾನ್ಯ ಸೇವಾ ಸಮ್ಮೇಳನಕ್ಕೆ ಒಬ್ಬ ಪ್ರತಿನಿಧಿ. ಎಲ್ಲಕ್ಕಿಂತ ಕೆಳಗೆ, ಗೋಪುರದ ತುದಿ ನೆಲಕ್ಕೆ ಊರಿದ ಕಡೆ, ಧರ್ಮದರ್ಶಿಗಳ ಮಂಡಲಿ ಮತ್ತು ಕಚೇರಿ. ಭಾರವೆಲ್ಲ ಅವರ ಮೇಲೆ. ಆಜ್ಞೆ ಮಾಡುವ ಅಧಿಕಾರ ಮಾತ್ರ ಇಲ್ಲ. ಯಾವ ಗುಂಪನ್ನೂ ಅವರು ಮುಚ್ಚಲಾರರು; ಯಾವ ಸದಸ್ಯನನ್ನೂ ಹೊರಗೆ ಹಾಕಲಾರರು. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಮನುಷ್ಯ ಸದಸ್ಯನೇ.

ಈ ಏರ್ಪಾಟು ಒಂದು ದಿನದಲ್ಲಿ ಆದುದಲ್ಲ. 1938ರಲ್ಲಿ ಧರ್ಮಸಂಸ್ಥೆಯೊಂದನ್ನು ಸ್ಥಾಪಿಸಿದಾಗ, ಕುಡುಕರ ಕೈಗೆ ಹಣ ಸಿಕ್ಕಿದರೆ ಗತಿಯೇನು ಎಂಬ ಅಂಜಿಕೆಯಿಂದ ಧರ್ಮದರ್ಶಿಗಳಲ್ಲಿ ಕುಡುಕರಲ್ಲದವರೇ ಹೆಚ್ಚಾಗಿರುವಂತೆ ನೋಡಿಕೊಂಡಿದ್ದರು. 1941ರ ಮಾರ್ಚಿಯಲ್ಲಿ ಪ್ರಸಿದ್ಧ ವಾರಪತ್ರಿಕೆಯೊಂದರಲ್ಲಿ ಕೂಟದ ವಿಷಯವಾಗಿ ಲೇಖನ ಬಂದಿತು; ಸುಮಾರು 2,000 ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು. ಗುಂಪು ಹೆಚ್ಚಿದಂತೆ ಜಗಳವೂ ಹೆಚ್ಚಿತು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು, ಯಾರು ಯಜಮಾನರು, ಹೀಗೆ. ಒಂದು ಪಟ್ಟಣದವರು ಮೂರು ಅಂತಸ್ತಿನ ಕೇಂದ್ರವೊಂದನ್ನು ಕಟ್ಟುವ ಹುರುಪಿನಲ್ಲಿ 61 ನಿಯಮಗಳನ್ನು ಬರೆದರಂತೆ. ಎಲ್ಲವೂ ಕುಸಿದಮೇಲೆ ಅವರ ಮುಂದಾಳು ಒಂದು ಚೀಟಿಯನ್ನು ಅಚ್ಚುಮಾಡಿಸಿ ಹಂಚಿದ. ಅದರೊಳಗೆ 62ನೆಯ ನಿಯಮ: ನಿನ್ನನ್ನು ನೀನು ದೊಡ್ಡ ಮನುಷ್ಯನೆಂದು ಎಣಿಸಿ ಬಿಗಿದುಕೊಳ್ಳಬೇಡ ಎಂಬ ಅರ್ಥದ್ದು. ಇಂಥ ಪೆಟ್ಟುಗಳಿಂದ ಕಲಿತುದನ್ನೇ ಬಿಲ್ 1946ರಲ್ಲಿ ಹನ್ನೆರಡು ಸಂಪ್ರದಾಯಗಳಾಗಿ ಬರೆದ. 1950ರಲ್ಲಿ ಕ್ಲೀವ್‌ಲೆಂಡಿನ ಸಮಾವೇಶ ಅವನ್ನು ಒಪ್ಪಿಕೊಂಡಿತು.

ಅದೇ ವರ್ಷ ನವೆಂಬರಿನಲ್ಲಿ ಡಾಕ್ಟರ್ ಬಾಬ್ ತೀರಿಕೊಂಡರು. ಗುಂಪುಗಳಿಗೂ ಧರ್ಮದರ್ಶಿಗಳಿಗೂ ನಡುವೆ ಇದ್ದ ಸೇತುವೆ ಇಬ್ಬರು ಸ್ಥಾಪಕರೇ; ಒಬ್ಬರು ಹೋದರು, ಇನ್ನೊಬ್ಬನೂ ಒಂದು ದಿನ ಹೋಗುವವನೇ. ಆಮೇಲೆ? ಧರ್ಮದರ್ಶಿಗಳಲ್ಲಿ ಕೆಲವರಿಗೆ ಇಷ್ಟವಿಲ್ಲದಿದ್ದರೂ ಬಿಲ್ ಹಠ ಹಿಡಿದು ಗುಂಪುಗಳ ಪ್ರತಿನಿಧಿಗಳ ಸಮ್ಮೇಳನವನ್ನು 1951ರಲ್ಲಿ ಪ್ರಯೋಗಾರ್ಥವಾಗಿ ಕೂಡಿಸಿದ. 1955ರ ಜುಲೈಯಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ, ಕೂಟಕ್ಕೆ ಇಪ್ಪತ್ತು ತುಂಬಿದ ಸಂದರ್ಭದಲ್ಲಿ, ಎಲ್ಲ ಸೇವಾ ಸಂಸ್ಥೆಗಳನ್ನೂ ಆ ಸಮ್ಮೇಳನಕ್ಕೆ ಒಪ್ಪಿಸಿ ತಾನು ಪಕ್ಕಕ್ಕೆ ಸರಿದ. ಆಗ ಆತನಿಗೆ ವಯಸ್ಸು 59. ಗಟ್ಟಿಮುಟ್ಟಾಗಿದ್ದ, ಮುಂದೆ 1971ರವರೆಗೆ ಬದುಕಿದ.

ಪಕ್ಕಕ್ಕೆ ಸರಿದುದು ಬಾಯಿಮಾತಿಗಲ್ಲ ಎಂಬುದಕ್ಕೆ ಒಂದು ಸಾಕ್ಷಿಯುಂಟು. ಧರ್ಮದರ್ಶಿಗಳಲ್ಲಿ ಕುಡಿತ ಬಿಟ್ಟ ಸದಸ್ಯರೇ ಬಹುಸಂಖ್ಯಾತರಾಗಬೇಕು, ನಮ್ಮ ಹೊಣೆಯನ್ನು ನಾವೇ ಹೊರಬೇಕು ಎಂದು ಆತ ಸುಮಾರು ಹತ್ತು ವರ್ಷ ವಾದಿಸಿದ. ತಾನು ಹುಟ್ಟಿಸಿದ ಸಮ್ಮೇಳನವೇ ಅದನ್ನು ಮತ್ತೆ ಮತ್ತೆ ತಡೆಹಿಡಿಯಿತು. ಕೊನೆಗೆ ಒಪ್ಪಿದುದು 1966ರಲ್ಲಿ: 21 ಮಂದಿಯಲ್ಲಿ 14 ಸದಸ್ಯರು, 7 ಹೊರಗಿನವರು. ಹತ್ತು ವರ್ಷ ಕಾದ ಸ್ಥಾಪಕರು ನಮ್ಮ ನಾಡಿನ ಸಂಘಗಳಲ್ಲಿ ಎಷ್ಟು ಮಂದಿ ಸಿಕ್ಕಿಯಾರು? ಯೇಲ್ ವಿಶ್ವವಿದ್ಯಾನಿಲಯ 1954ರಲ್ಲಿ ಕೊಡಲು ಬಂದ ಗೌರವ ಡಾಕ್ಟರೇಟನ್ನೂ ಆತ ಕೈಮುಗಿದು ಹಿಂದಕ್ಕೆ ಕಳುಹಿಸಿದ. ಅಧ್ಯಾಪಕನಾದ ನನಗೆ, ಎಲ್ಲಕ್ಕಿಂತ ನಂಬಲು ಕಷ್ಟವಾದುದು ಇದು!

ಚುನಾವಣೆಯ ಕ್ರಮವೂ ವಿಚಿತ್ರ. ಸಮ್ಮೇಳನದ ಪ್ರತಿನಿಧಿಯನ್ನು ಆರಿಸುವಾಗ ಮೂರರಲ್ಲೆರಡು ಪಾಲು ಮತ ಬರಬೇಕು. ಮತ್ತೆ ಮತ್ತೆ ಮತ ಹಾಕಿದರೂ ಯಾರಿಗೂ ಅಷ್ಟು ಬಾರದಿದ್ದರೆ, ಮುಂದಿರುವವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಟೋಪಿಗೆ ಹಾಕಿ ಒಂದನ್ನು ಎತ್ತುತ್ತಾರೆ. ಗೆದ್ದವನು ಬೀಗುವಂತಿಲ್ಲ, ಸೋತವನು ಕೊರಗುವಂತಿಲ್ಲ, ಗೆದ್ದುದು ಚೀಟಿ. ಪ್ರತಿನಿಧಿಯ ಅವಧಿ ಎರಡು ವರ್ಷ. ಆಮೇಲೆ ಸರದಿ ಮುಂದಿನವನದು.

1962ರ ಸೇವಾ ಸೂತ್ರಗಳಲ್ಲಿ ನನಗೆ ಬಹಳ ಹಿಡಿಸಿದುದು ಅಲ್ಪಸಂಖ್ಯಾತರ ಹಕ್ಕು. ಮತದಲ್ಲಿ ಸೋತವನ ಮಾತನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಲೇಬೇಕು. ಮಾವನವರ ಗುಂಪಿನಲ್ಲಿ ನಡೆದ ಒಂದು ಸಂಗತಿಯನ್ನು ಅವರ ಬಾಯಿಂದಲೇ ಕೇಳಿದೆ. ಮಗ ಕುಡಿತ ಬಿಟ್ಟನೆಂಬ ಸಂತೋಷದಿಂದ ವರ್ತಕರೊಬ್ಬರು ಕೊಠಡಿಯ ಒಂದು ವರ್ಷದ ಬಾಡಿಗೆಯನ್ನು ತಾವೇ ಕೊಡುವೆವೆಂದರಂತೆ. ತೆಗೆದುಕೊಳ್ಳೋಣವೆಂದು ಬಹುಮಂದಿ ಕೈಯೆತ್ತಿದರು. ಆಗ ಸೋತವರ ಪಕ್ಷದಿಂದ ಸೈಕಲ್ ದುರಸ್ತಿಯ ಅಂಗಡಿಯವನೊಬ್ಬ ಎದ್ದು, “ಸ್ವಾಮಿ, ನಾನು ಕುಡಿಯುತ್ತಿದ್ದಾಗ ಊರವರೆಲ್ಲ ನನ್ನ ಬಾಡಿಗೆ ಕಟ್ಟಿದ್ದಾರೆ. ಈ ಒಂದು ಬಾಡಿಗೆಯನ್ನಾದರೂ ನಾನೇ ಕಟ್ಟುತ್ತೇನೆ” ಎಂದ. ಮತ್ತೊಮ್ಮೆ ಮತ ಹಾಕಿದರು. ವರ್ತಕರಿಗೆ ವಂದನೆಯ ಪತ್ರ ಹೋಯಿತು; ಹಣ ಅವರಲ್ಲಿಯೇ ಉಳಿಯಿತು.

ಇಷ್ಟರಿಂದ ಅಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ ಎಂದು ಯಾರೂ ತಿಳಿಯಬಾರದು. ಯಾರಿಗೂ ಅಧಿಕಾರವಿಲ್ಲದ ಕಡೆ, ಕೆಟ್ಟವನು ಬಂದು ಸೇರಿದರೆ ತಡೆಯುವುದು ಕಷ್ಟ. ಹೊಸದಾಗಿ ಬಂದ ದುರ್ಬಲರನ್ನು ಕಾಯುವ ಹೊಣೆ ಆಯಾ ಗುಂಪಿನ ಎಚ್ಚರವನ್ನೇ ನೆಚ್ಚಿಕೊಂಡಿರುತ್ತದೆ. ನಿರ್ಧಾರಗಳು ಬಸವನಹುಳುವಿನಂತೆ ತೆವಳುತ್ತವೆ. ಅವಧಿ ಮುಗಿದ ಹಳಬರಲ್ಲಿ ಎರಡು ಬಗೆಯುಂಟೆಂದು ಅವರ ಪುಸ್ತಕಗಳೇ ಒಪ್ಪುತ್ತವೆ. ಒಬ್ಬ, ಕೇಳಿದರೆ ಹೇಳುವನು, ಕೇಳದಿದ್ದರೆ ಸುಮ್ಮನೆ ಹಿಂದಿನ ಸಾಲಿನಲ್ಲಿ ಕೂರುವನು. ಇನ್ನೊಬ್ಬ, ತಾನಿಲ್ಲದೆ ಗುಂಪು ಮುಳುಗಿಯೇ ಹೋಯಿತೆಂದು ಮೂಲೆಯಲ್ಲಿ ಗೊಣಗುವನು. ಅಂಥವರಲ್ಲಿ ಕೆಲವರು ಮತ್ತೆ ಕುಡಿತಕ್ಕೆ ಬೀಳುವುದೂ ಉಂಟು. ಮಾವನವರು ಯಾವ ಬಗೆಯವರಾಗುವರು? ನಮ್ಮತ್ತೆಗೆ ನಿದ್ರೆ ಬಾರದಂತೆ ಮಾಡಿದುದು ಈ ಪ್ರಶ್ನೆಯೇ. ಅದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ.

ಹೊರಗಿನವರೂ ಬರಬಹುದಾದ ಸಭೆಗಳನ್ನು ಅವರು ಆಗಾಗ ನಡೆಸುತ್ತಾರೆ. ಅಂಥದೊಂದಕ್ಕೆ ಕಳೆದ ಮಳೆಗಾಲದಲ್ಲಿ ಮಾವನವರು ನನ್ನನ್ನು ಕರೆದುಕೊಂಡು ಹೋದರು. ಏಳು ಹೊಡೆಯಿತು. ಬಾಗಿಲಿಗೆ ಬೀಗ. ಬೀಗದ ಕೈಯ ತರುಣನ ಸುಳಿವಿಲ್ಲ. ಸೂರಿನ ಕೆಳಗೆ ಹನ್ನೊಂದು ಮಂದಿ ಒದ್ದೆಯಾಗುತ್ತ ನಿಂತಿದ್ದೆವು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿಯೂ ಒಂದೇ ಶಂಕೆ: ಹುಡುಗ ಮತ್ತೆ ಕುಡಿದನೋ ಏನೋ? ಒಬ್ಬರು ಮಾವನವರ ಕಡೆ ತಿರುಗಿ, “ನೀವಿದ್ದಾಗ ಆರೂ ಮುಕ್ಕಾಲಕ್ಕೆ ಬಾಗಿಲು ತೆರೆದಿರುತ್ತಿತ್ತು ಯಜಮಾನರೆ” ಎಂದರು.

ನಾನು ಮಾವನವರ ಮುಖವನ್ನೇ ನೋಡುತ್ತಿದ್ದೆ. ಇಂಥ ಮಾತನ್ನು ಯಾರಾದರೂ ನನಗೆ ಹೇಳಿದ್ದರೆ ನಾನು ವಾರವೆಲ್ಲ ಅದನ್ನು ಮೆಲುಕು ಹಾಕುತ್ತಿದ್ದೆ. ಮಾವನವರು, “ನಾನೂ ಒಂದು ಸಲ ತಡವಾಗಿ ಬಂದೆ. ನೀವೆಲ್ಲ ನಿಂತು ಕಾದಿರಿ. ಬನ್ನಿ, ಇಲ್ಲೇ ಶುರುಮಾಡೋಣ. ಮಾತಾಡುವುದಕ್ಕೆ ಬೀಗದ ಕೈ ಬೇಕೆ?” ಎಂದರು. ಜಗಲಿಯ ಮೇಲೆಯೇ ಸಭೆ ಶುರುವಾಯಿತು. ಇಪ್ಪತ್ತು ನಿಮಿಷದ ಮೇಲೆ ಆ ತರುಣ ಮಳೆಯಲ್ಲಿ ತೊಪ್ಪೆಯಾಗಿ, ಗಾಳಿಯಿಲ್ಲದ ಸ್ಕೂಟರನ್ನು ತಳ್ಳಿಕೊಂಡು ಬಂದ. ಕೈ ನಡುಗುತ್ತಿದ್ದುದರಿಂದ ಬೀಗ ತೆಗೆಯಲು ಎರಡು ಸಲ ಪ್ರಯತ್ನಪಟ್ಟ. ಮಾವನವರು ಕೈ ಚಾಚಲಿಲ್ಲ. ಅವನ ಹಿಂದೆ ನಿಂತು, ಅವನೇ ತೆರೆಯುವವರೆಗೂ ಕಾದರು. ಆಮೇಲೆ ಒಳಗೆ ಹೋಗಿ, ಮೂಲೆಯಲ್ಲಿದ್ದ ಲೋಟಗಳನ್ನು ಬುಟ್ಟಿಗೆ ತುಂಬಿಕೊಂಡು ತೊಳೆಯಲು ನಲ್ಲಿಯ ಕಡೆ ನಡೆದರು. ಲೋಟ ತೊಳೆಯುವುದು ಅವರಿಗೆ ಈಗ ಬಂದಿರುವ ಸೇವೆ.

ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ತಟ್ಟೆ ಹಾಕಿದರು. ಊಟದ ನಡುವೆ ಉಪ್ಪಿನಕಾಯಿ ಬೇಕೆಂದಾಗ, ಬೀರುವಿನ ಕೈಯನ್ನು ಸೊಂಟದಿಂದ ತೆಗೆದು, “ನನ್ನ ಕೈ ಎಂಜಲು. ನೀವೇ ತೆಗೆದುಕೊಂಡು ಬನ್ನಿ” ಎಂದು ಮಾವನವರ ಮುಂದೆ ಇಟ್ಟರು. ಬೀರುವಿನಲ್ಲಿ ಉಪ್ಪಿನಕಾಯಿಯನ್ನು ಇಟ್ಟಿರುವ ಮನೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ. ಏನಿದ್ದರೂ ಅಲ್ಲಿಯೇ ಇಡುವುದು.

ಇನ್ನು ನನ್ನ ವಿಷಯ. ನಮ್ಮ ಕಾಲೇಜಿನ ಕನ್ನಡ ಸಂಘಕ್ಕೆ ನಾನು ಆರು ವರ್ಷಗಳಿಂದ ಕಾರ್ಯದರ್ಶಿ. ಪ್ರತಿ ವರ್ಷವೂ ಸರ್ವಾನುಮತದ ಆಯ್ಕೆ, ಏಕೆಂದರೆ ಸಭೆಯ ಸೂಚನೆಯನ್ನು ಕಳುಹಿಸುವವನು ನಾನೇ. ನಾನಿಲ್ಲದಿದ್ದರೆ ಸಂಘ ನಡೆಯದೆಂದು ನಾನೂ ನಂಬಿದ್ದೇನೆ. ನಂಬುವಂತೆ ಇತರರನ್ನೂ ಮಾಡಿದ್ದೇನೆ. ಸಂಘದ ಪುಸ್ತಕದ ಕಪಾಟಿನ ಬೀಗದ ಕೈ ಇದನ್ನು ಬರೆಯುತ್ತಿರುವಾಗಲೂ ನನ್ನ ಜೇಬಿನಲ್ಲಿದೆ. ಹೊಸದಾಗಿ ಬಂದಿರುವ ಇಬ್ಬರು ಅಧ್ಯಾಪಕಿಯರು ಕಪಾಟಿನಲ್ಲಿ ಯಾವ ಯಾವ ಪುಸ್ತಕಗಳಿವೆಯೆಂದು ಎರಡು ಸಲ ಕೇಳಿದರು. ನೋಡಿ ಹೇಳುವೆನೆಂದು ನಾನು ಎರಡು ಸಲವೂ ಮುಂದೂಡಿದೆ.

ಮುಂದಿನ ತಿಂಗಳು ಸಂಘದ ವಾರ್ಷಿಕ ಸಭೆ. ಈ ಸಲ ಸೂಚನೆಯಲ್ಲಿ ‘ಹೊಸ ಕಾರ್ಯದರ್ಶಿಯ ಆಯ್ಕೆ’ ಎಂದು ಬರೆದು, ಆ ಕಾಗದವನ್ನು ಮೇಜಿನ ಮೇಲಿಟ್ಟು ನಾಲ್ಕು ದಿನಗಳಾದುವು. ಇನ್ನೂ ಸಹಿ ಹಾಕಿಲ್ಲ. ಹಾಕಿದೆನೋ ಇಲ್ಲವೋ ಎಂಬುದನ್ನು ವಾಚಕರಿಗೆ ಮುಂದೆ ತಿಳಿಸುತ್ತೇನೆ. ತಿಳಿಸದಿದ್ದರೆ, ಹಾಕಲಿಲ್ಲವೆಂದೇ ತಿಳಿಯತಕ್ಕದ್ದು.